ಎದುರು ಪಕ್ಷದ ಹೆಗಲು

ಹುಮನಾಬಾದ್ ರಸ್ತೆಯಲ್ಲಿ ನಾನು ಕೂತಿದ್ದ ಟಂಟಂ ಆಟೋ ಉರುಳಿ ನನ್ನ ಬಲಗಾಲು ಸ್ವಾಧೀನ ತಪ್ಪಿತು. ಮಷೀನು ತುಳಿದು ಹೊಲಿಯುವ ದರ್ಜಿಗೆ ಇನ್ನೇನು ಉಳಿಯಿತು? ಆದರೆ ವಿಮಾ ಕಂಪನಿ, ಓಡಾಡುವವರಿಗೆ ಅಂಗವೈಕಲ್ಯದ ಪರಿಹಾರವಿಲ್ಲ ಎಂದು ಬರೆದು ಕೈತೊಳೆದುಕೊಂಡಿತು. ನಾನು ಬಸವಕಲ್ಯಾಣದ ಕೋರ್ಟಿಗೆ ಹೋದೆ.

ವಿಚಾರಣೆ ಮೇಲಿನ ಮಹಡಿಯಲ್ಲಿ. ಊರುಗೋಲು ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತಿದ್ದೆ. ಕರಿ ಕೋಟಿನವರೊಬ್ಬರು ಫೋನಿನಲ್ಲಿ ಮಾತಾಡುತ್ತಲೇ, "ಕಾಕಾ, ಹೆಗಲ ಮ್ಯಾಲ ಕೈ ಇಡ್ರಿ" ಅಂದು ನನ್ನನ್ನು ಮೇಲೆ ಮುಟ್ಟಿಸಿ ಹೋದರು.

ಒಳಗೆ ನೋಡಿದರೆ ಅವರೇ ಕಂಪನಿಯ ವಕೀಲರು. ಕಟಕಟೆಯಲ್ಲಿದ್ದ ನನ್ನ ಮುಖ ನೋಡದೆ, ಕಾಗದ ನೋಡುತ್ತ ಕೇಳಿದರು: "ಇವತ್ತ ಮೆಟ್ಟಿಲ ಹತ್ತಿ ಬಂದೀರಿ, ಹೌದೋ ಅಲ್ಲೋ?"

"ಹೌದ್ರಿ, ನಿಮ್ಮ ಹೆಗಲ ಹಿಡಕೊಂಡು."

ಆಗ ತಲೆ ಎತ್ತಿದರು. ಜಡ್ಜ್ ಸಾಹೇಬರು ಅವರನ್ನೇ, "ಖರೇ ಏನ್ರಿ?" ಎಂದು ಕೇಳಿದರು. ವಕೀಲರು ಕೋಟಿನ ಹೆಗಲು ಸರಿಮಾಡಿಕೊಂಡು ಹೌದೆಂದರು. ಸಾಹೇಬರು ಅದನ್ನೂ ಬರೆಸಿ, ಮುಂದಿನ ತಾರೀಖು ಕೊಟ್ಟರು.

ಇಳಿಯುವಾಗ ಮತ್ತೆ ಅದೇ ಹೆಗಲು ಬಂತು.

"ಮುಂದಿನ ತಾರೀಖಿಗೂ ನೀವ ಬರ್ತೀರೇನ್ರಿ?" ಎಂದೆ.

"ಬರಬೇಕಲ್ರಿ ಕಾಕಾ, ನಿಮ್ಮ ವಿರುದ್ಧ ವಾದ ಮಾಡೂದು ಇನ್ನೂ ಅದ."

"ಹಂಗಾದ್ರ ಲಗೂನ ಬರ್ರಿ, ಕೆಳಗ ಕಾಯ್ತೀನಿ."

ನನ್ನ ವಕೀಲರೂ ಒಳ್ಳೆಯವರೇ. ಆದರೆ ಅವರು ಯಾವಾಗಲೂ ಮೇಲೆ ಕಾಯುತ್ತಾರೆ.