ಹಸಿರು ಚುಕ್ಕೆ, ಕಿತ್ತಳೆ ಚುಕ್ಕೆ

ಆರ್ಡಿತ್ ಸಾಬೋ ತನ್ನ ಕೆಲಸವನ್ನು ಇನ್ನೊಬ್ಬರು ಮುಟ್ಟುವುದಿರಲಿ, ಬಗ್ಗಿ ನೋಡುವುದನ್ನೂ ಸಹಿಸದ ಹೆಂಗಸು. ಜಂಬಗಾತಿ ಎಂದರೆ ಕಡಿಮೆಯಾದೀತು. ಜಂಬವಿರುವವರು ಹೊಗಳಿಕೆಗಾದರೂ ಕಾಯುತ್ತಾರೆ, ಅವಳಿಗೆ ಅದೂ ಬೇಕಿರಲಿಲ್ಲ. ತಾನು ಮಾಡಿದ್ದು ಸರಿ ಎಂದು ತನಗೆ ಗೊತ್ತಿದ್ದರೆ ಸಾಕು. ಉಳಿದವರ ಕಣ್ಣು, ಉಳಿದವರ ಬಾಯಿ ಎರಡೂ ಅವಳ ಪಾಲಿಗೆ ದಂಡ. ಇದು ಹಾರ್ಲನ್ ಮೀಕ್ಸ್ ಕೊಟ್ಟ ತೀರ್ಪು. ಅದನ್ನು ಕೊಡುವ ಹಕ್ಕು ಅವನಿಗಿತ್ತು. ಫ್ಲಿಂಟ್ ಊರಿನ ಎಂಜಿನ್ ಕಾರ್ಖಾನೆಯಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಅವನು ಅವಳ ಪಕ್ಕದಲ್ಲೇ ನಿಂತಿದ್ದ.

ಅಲ್ಲಿ ಅವಳ ಕೆಲಸ ಬೆಲ್ಟ್ ಹಾಕುವುದು. ಸಾಲಿನಲ್ಲಿ ಎಂಜಿನ್ ಬಂದು ನಿಲ್ಲುತ್ತಿತ್ತು. ಆರ್ಡಿತ್ ಬೆಲ್ಟನ್ನು ಪುಲ್ಲಿಗಳ ಸುತ್ತ ಸುತ್ತಿ, ಬಿಗಿ ಹಿಡಿಯುವ ತೋಳಿನ ಬೋಲ್ಟಿನ ಮೇಲೆ ಪೇಂಟ್ ಪೆನ್ನಿನಿಂದ ಹಸಿರು ಚುಕ್ಕೆ ಇಡುತ್ತಿದ್ದಳು. ಎಂಜಿನ್ ಎರಡು ಹೆಜ್ಜೆ ಸರಿದು ಹಾರ್ಲನ್‌ನ ಮುಂದೆ ಬರುತ್ತಿತ್ತು. ಅವನು ಬೆಲ್ಟಿನ ಮೇಲೆ ಹೆಬ್ಬೆರಳು ಆಡಿಸಿ, ಸರಿಯಿದ್ದರೆ ಹಸಿರಿನ ಪಕ್ಕ ಕಿತ್ತಳೆ ಚುಕ್ಕೆ ಇಡುತ್ತಿದ್ದ. ಎರಡು ಚುಕ್ಕೆಯಿಲ್ಲದ ಎಂಜಿನ್ ಕಾರ್ಖಾನೆಯ ಬಾಗಿಲು ದಾಟುವಂತಿರಲಿಲ್ಲ.

ಎರಡನೆಯ ಚುಕ್ಕೆ ಬಣ್ಣಕ್ಕೆ ದಂಡ ಎಂದು ಆರ್ಡಿತ್ ಮೇಸ್ತ್ರಿ ಸಿಕ್ಕಿದಾಗಲೆಲ್ಲ ಹೇಳುತ್ತಿದ್ದಳು. ಒಮ್ಮೆ ಹಾರ್ಲನ್ ಒಂದು ಎಂಜಿನ್ ಹಿಂದಕ್ಕೆ ಕಳಿಸಿದ; ಬೆಲ್ಟಿನ ಒಳಮೈಯಲ್ಲಿ ಉದ್ದಕ್ಕೂ ಇರುವ ಏಣುಗಳಲ್ಲಿ ಒಂದು ಪುಲ್ಲಿಯ ಅಂಚಿನಿಂದ ಹೊರಗೆ ನೇತಾಡುತ್ತಿತ್ತು. ಆ ಇಡೀ ಚಳಿಗಾಲ ಅವಳು ಅವನೊಡನೆ ಮಾತಾಡಲಿಲ್ಲ. ಆಮೇಲೆ, ತನ್ನ ಕೈಯಿಂದ ಹೋದ ಎಂಜಿನ್ ಒಂದೂ ಹಿಂದೆ ಬಂದಿಲ್ಲ ಎಂದು ಅವನೆದುರಿಗೇ ಹೇಳಿಕೊಂಡು ಓಡಾಡಿದಳು. ಅವನು ತಿದ್ದಲು ಹೋಗಲಿಲ್ಲ. ಹೆಚ್ಚುಕಡಿಮೆ ನಿಜವೇ ಆಗಿತ್ತಲ್ಲ.

ಕಾರ್ಖಾನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಹುಲ್ಲು, ಸುತ್ತ ತಂತಿಬೇಲಿ. ಆದರೆ ಪ್ರತಿ ಆಗಸ್ಟ್‌ನಲ್ಲಿ ಇಟ್ಟಿಗೆ ಹಾಸಿದ ಮುಖ್ಯರಸ್ತೆಗೆ ಹಳೆಯ ಕಾರುಗಳು ಇಳಿಯುತ್ತವೆ. ಜನ ಮಡಚುವ ಕುರ್ಚಿ ತಂದು ಬೆಳಗ್ಗೆಯೇ ಜಾಗ ಹಿಡಿಯುತ್ತಾರೆ. ಕಾರ್ಖಾನೆಯಲ್ಲಿ ದುಡಿದವರ ಕಾರುಗಳದೇ ಒಂದು ಸಾಲಿರುತ್ತದೆ. ಮೆರವಣಿಗೆ ಮುಗಿದ ಮೇಲೆ ಬಾನೆಟ್ ಎತ್ತಿ ನಿಲ್ಲಿಸುವುದು ವಾಡಿಕೆ. ಹಳೆಯ ಕೆಲಸಗಾರರು ಬಂದು ಮೊದಲು ಹುಡುಕುವುದು ಹೊಳಪನ್ನಲ್ಲ, ಚುಕ್ಕೆಗಳನ್ನು. ಒಂದು ವರ್ಷ ಆ ಸಾಲಿನ ತಲೆಯಲ್ಲಿ ಆರ್ಡಿತ್‌ಳ ಕಡುನೀಲಿ ಕಾರು ಹೋಗಬೇಕೆಂದು ನಿಗದಿಯಾಗಿತ್ತು. ಹೆಂಗಸೊಬ್ಬಳಿಗೆ ಆ ಜಾಗ ಅದುವರೆಗೆ ಸಿಕ್ಕಿರಲಿಲ್ಲ.

ಮೆರವಣಿಗೆಯ ಹಿಂದಿನ ದಿನ ಅವಳು ಹಾರ್ಲನ್‌ಗೆ ಫೋನು ಮಾಡಿ, ಗಸಗಸೆ ತುಂಬಿದ ಸುರುಳಿ ಬ್ರೆಡ್ಡು ಮಾಡಿದ್ದೇನೆ, ಬಂದು ತಿಂದು ಹೋಗು ಎಂದಳು. ಅವಳು ತಾನಾಗಿ ಯಾರನ್ನೂ ಕರೆದವಳಲ್ಲ. ಹಾರ್ಲನ್ ಟೋಪಿ ಹಾಕಿಕೊಂಡು ಹೊರಟ.

ಗ್ಯಾರೇಜಿನ ಬಾಗಿಲು ತೆರೆದಿತ್ತು. ಸುಟ್ಟ ರಬ್ಬರಿನ ವಾಸನೆ ರಸ್ತೆಯವರೆಗೆ ಬಂದಿತ್ತು. ಅವಳು ಕಾರಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಏನಾಯ್ತು ಅಂತ ಕೇಳ್ಬೇಡ," ಎಂದಳು.

"ನಾನೆಲ್ಲಿ ಕೇಳ್ದೆ?"

"ನಿನ್ನ ಮುಖ ಕೇಳ್ತಿದೆ ಮೀಕ್ಸ್."

"ನನ್ನ ಮುಖ ಬ್ರೆಡ್ಡು ಎಲ್ಲಿ ಅಂತ ಕೇಳ್ತಿದೆ."

ನಿವೃತ್ತಿಯಾದ ಮೇಲೆ ಆರ್ಡಿತ್, ಅದೇ ಕಾರ್ಖಾನೆಯಲ್ಲಿ ತಯಾರಾದ ಆ ಕಾರಿನ ಎಂಜಿನ್ನಿಗೆ ಸೂಪರ್‌ಚಾರ್ಜರ್ ಕೂರಿಸಿದ್ದಳು. ಅದು ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಅದನ್ನು ತಿರುಗಿಸುವುದು ಎಂಜಿನ್ನೇ, ಬೆಲ್ಟಿನ ಮೂಲಕ. ಬೆಲ್ಟ್ ಜಾರಿದರೆ ಗಾಳಿಯಿಲ್ಲ, ಗಾಳಿಯಿಲ್ಲದಿದ್ದರೆ ಇಷ್ಟೆಲ್ಲ ಮಾಡಿದ್ದು ಬರೀ ಭಾರ. ಮೊದಲ ಬೆಲ್ಟನ್ನು ಅವಳು ಆ ಯಂತ್ರದ ಜೊತೆಗೆ ಬಂದ, ಬೆಲ್ಟಿನ ದಾರಿ ತೋರಿಸುವ ಚಿತ್ರ ಎದುರಿಗಿಟ್ಟುಕೊಂಡು ಹಾಕಿದ್ದಳು. ಅದು ಹಲವು ಬೇಸಿಗೆ ದುಡಿದು ಸವೆಯಿತು. ಹೊಸದನ್ನು ಹಾಕುವಾಗ ಚಿತ್ರ ನೋಡಲಿಲ್ಲ. ಚಿತ್ರ ನೋಡಿ ಹಾಕುವುದು ಹೊಸಬರ ಕೆಲಸ ಎನ್ನುವುದು ಅವಳ ಮಾತು.

"ಅಂಗಡಿಯವಳು ಮೊದಲು ಉದ್ದದ ಬೆಲ್ಟ್ ಕೊಟ್ಲು. ಹಾಕಿದ್ರೆ ಸಡಿಲ," ಎಂದಳು. "ಕೂಗಾಡಿ ಒಂದಳತೆ ಗಿಡ್ಡದ್ದು ತಂದೆ. ಇದು ನೋಡು, ಆಕ್ಸಿಲರೇಟರ್ ಒತ್ತಿದ ತಕ್ಷಣ ಕಿರುಚತ್ತೆ, ಸುಡತ್ತೆ. ಈಗಿನ ಮಾಲೇ ಹೀಗೆ."

ಹಾರ್ಲನ್ ಬಗ್ಗಿ ನೋಡಿದ. ಬೆಲ್ಟಿನ ಏಣುಗಳು ಕರಕಲಾಗಿ ಗಾಜಿನಂತೆ ಹೊಳೆಯುತ್ತಿದ್ದವು. ಉದ್ದದ ಬೆಲ್ಟು ಹೊದಿಕೆಯ ಸಮೇತ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಸೂಪರ್‌ಚಾರ್ಜರ್‌ನ ಪುಲ್ಲಿಯನ್ನು ನೋಡಿದ, ಅದರ ಕೆಳಗಿನ ನುಣುಪು ಗಾಲಿಯನ್ನು ನೋಡಿದ. ತಪ್ಪು ಅವನಿಗೆ ಕಾಣಿಸಿತು. ಹೇಳಿದರೆ ಇನ್ನೊಂದು ಚಳಿಗಾಲ ಮಾತಿರುವುದಿಲ್ಲ. ಹೇಳದಿದ್ದರೆ ನಾಳೆ, ಊರೆಲ್ಲ ಕುರ್ಚಿ ಹಾಕಿಕೊಂಡು ಕೂತಿರುವಾಗ, ಸಾಲಿನ ತಲೆಯಲ್ಲೇ ಬೆಲ್ಟ್ ಹರಿಯುತ್ತದೆ.

"ನಾಳೆ ನನ್ನ ಕಾರಲ್ಲಿ ಬಾ. ಮುಂದಿನ ಸೀಟೇ ಕೊಡ್ತೀನಿ," ಎಂದ.

"ನಿನ್ನ ಡಬ್ಬದಲ್ಲಾ? ಅದಕ್ಕಿಂತ ನಡ್ಕೊಂಡು ಹೋಗ್ತೀನಿ. ನಿನಗಿಂತ ಮುಂಚೆ ಮುಟ್ತೀನಿ."

"ಹಾಗಾದ್ರೆ ಇದನ್ನ ಬಿಚ್ಚು. ಆ ಉದ್ದದ್ದನ್ನೇ ಇನ್ನೊಂದ್ಸಲ ಹಾಕು."

"ಅದು ಸಡಿಲ ಅಂದೆನಲ್ಲ. ಕಿವಿಯೂ ರಿಟೈರಾಯ್ತಾ?"

"ಕಣ್ಣು ಮುಚ್ಕೊಂಡು ಹಾಕ್ತೀನಿ ಅಂತ ಕ್ಯಾಂಟೀನಲ್ಲಿ ಬೀಗ್ತಿದ್ದೆ. ನಾನಂತೂ ಒಂದಿನಾನೂ ನೋಡ್ಲಿಲ್ಲ. ಈಗ ಹಾಕು, ನೋಡೋಣ. ವಯಸ್ಸಾಯ್ತು, ಆಗಲ್ಲ ಅಂದ್ರೆ ಬಿಡು."

ಆರ್ಡಿತ್ ಅವನನ್ನು ಒಮ್ಮೆ ದುರುಗುಟ್ಟಿ ನೋಡಿದಳು. ಉದ್ದನೆಯ ಪಾನಾ ಹಾಕಿ ಬಿಗಿ ಹಿಡಿದ ತೋಳನ್ನು ತಿರುಗಿಸಿ ಸುಟ್ಟ ಬೆಲ್ಟ್ ಕಳಚಿ ಬಿಸಾಡಿದಳು. ಗೋಡೆಯಿಂದ ಉದ್ದದ್ದನ್ನು ತೆಗೆದುಕೊಂಡಳು. ಕಣ್ಣು ಮುಚ್ಚಿದಳು.

ಕೈಗಳು ಹೊರಟವು. ಕೆಳಗಿನ ದೊಡ್ಡ ಪುಲ್ಲಿ, ನೀರಿನ ಪಂಪು, ಸ್ಟಿಯರಿಂಗಿನ ಪಂಪು, ಎಲ್ಲಿಯೂ ತಡವರಿಸಲಿಲ್ಲ. ಕಾರ್ಖಾನೆಯ ಗದ್ದಲದಲ್ಲಿ ಕಂಡ ಅದೇ ಕೈಗಳು. ಹಾರ್ಲನ್‌ಗೆ ತನಗರಿವಿಲ್ಲದೆ ಬೆನ್ನು ನೆಟ್ಟಗಾಯಿತು. ಇಂಥ ಕೈಯ ಪಕ್ಕದಲ್ಲಿ ತಾನು ನಿಂತಿದ್ದೆ ಎಂಬುದನ್ನು ಅವನು ಎಂದೂ ಯಾರಿಗೂ ಹೇಳಿಕೊಂಡಿರಲಿಲ್ಲ. ಕೈಗಳು ಮೇಲೇರಿ ಸೂಪರ್‌ಚಾರ್ಜರ್‌ನ ಪುಲ್ಲಿಯನ್ನು ಬಳಸಿ, ಅಲ್ಲಿಂದ ನೇರವಾಗಿ ಬ್ಯಾಟರಿ ತುಂಬುವ ಆಲ್ಟರ್ನೇಟರ್ ಕಡೆಗೆ ಇಳಿದವು.

"ನಿಲ್ಲು," ಎಂದ ಹಾರ್ಲನ್. "ಕೈ ಅಲ್ಲೇ ಇರ್ಲಿ. ಈಗ ಕಣ್ಣು ಬಿಡು."

ಅವಳು ಕಣ್ಣು ಬಿಟ್ಟಳು. ಬೆಲ್ಟು ನುಣುಪು ಗಾಲಿಯ ಹೊರಗಡೆಯಿಂದ, ಅದನ್ನು ಸವರಿಕೊಂಡು ಇಳಿದಿತ್ತು. ಕಾರ್ಖಾನೆಯ ಎಂಜಿನ್ನಿಗೆ ಸೂಪರ್‌ಚಾರ್ಜರ್ ಇರಲಿಲ್ಲ, ಆ ಗಾಲಿಯೂ ಇರಲಿಲ್ಲ. ಅಲ್ಲಿ ದಾರಿ ನೇರವೇ. ಇಲ್ಲಿ ಬೆಲ್ಟು ಗಾಲಿಯ ಒಳಮಗ್ಗುಲಿಗೆ ಹೋಗಬೇಕು. ಆಗ ಗಾಲಿ ಬೆಲ್ಟಿನ ಬೆನ್ನನ್ನು ಒತ್ತುತ್ತದೆ, ಬೆಲ್ಟು ಮೇಲಿನ ಪುಲ್ಲಿಯನ್ನು ಮುಕ್ಕಾಲು ಸುತ್ತು ತಬ್ಬಿ ಹಿಡಿಯುತ್ತದೆ. ಹೊರಗಿನಿಂದ ಹೋದರೆ ಬರೀ ನೆತ್ತಿ ಸವರುತ್ತದೆ. ದಾರಿ ಹತ್ತಿರವಾದ್ದರಿಂದ ಸರಿಯಾದ ಬೆಲ್ಟೇ ಉದ್ದವೆನಿಸುತ್ತದೆ. ಗಿಡ್ಡದ್ದನ್ನು ಹಾಕಿದರೆ ಬಿಗಿಯಾಗಿ ಕೂರುತ್ತದೆ, ಹಿಡಿತ ಮಾತ್ರ ಸಿಗುವುದಿಲ್ಲ.

ಇದನ್ನೆಲ್ಲ ಹಾರ್ಲನ್ ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಬೆಲ್ಟನ್ನು ಗಾಲಿಯಿಂದ ಈಚೆಗೆ ಬಿಡಿಸಿಕೊಂಡಳು.

"ಈ ಕೈಗಳು ಇನ್ನೂ ಕಾರ್ಖಾನೆಗೇ ಹೋಗ್ತಿವೆ," ಎಂದಳು.

"ಸಂಬಳ ಬರ್ತಿದ್ಯಾ?"

"ಸುಮ್ನಿರೋ."

ಈ ಬಾರಿ ಕಣ್ಣು ಬಿಟ್ಟುಕೊಂಡೇ ಹಾಕಿದಳು. ತೋಳನ್ನು ನಿಧಾನವಾಗಿ ಬಿಟ್ಟಾಗ ಬಿಗಿ ತೋರಿಸುವ ಅದರ ಮುಳ್ಳು ಸರಿಯಾಗಿ ಎರಡು ಗುರುತುಗಳ ನಡುವೆ ಬಂದು ನಿಂತಿತು. ಒಂದೊಂದು ಪುಲ್ಲಿಯ ಮೇಲೂ ಹೆಬ್ಬೆರಳು ಆಡಿಸಿ, ಏಣು ಜಾಡಿನಿಂದ ಹೊರಗೆ ಬಿದ್ದಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಪಾನಾ ಹಾಕಿ ಎಂಜಿನ್ನನ್ನು ಕೈಯಲ್ಲೇ ತಿರುಗಿಸಿದಳು, ಮತ್ತೆ ಹೆಬ್ಬೆರಳು ಆಡಿಸಿದಳು. ಆಮೇಲೆ ಕೀ ತಿರುಗಿಸಿದಳು. ಕಾಲು ಒತ್ತಿದಾಗ ಕಿರುಚಾಟವಿಲ್ಲ. ಸೂಪರ್‌ಚಾರ್ಜರ್‌ನ ಸಣ್ಣ ಸಿಳ್ಳೆ ಮೇಲಕ್ಕೇರಿತು. ಎದುರು ಮನೆಯವನು ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿ ಇತ್ತ ನೋಡಿದ. ಆರ್ಡಿತ್ ಅವನತ್ತ ತಲೆಯಾಡಿಸಲೂ ಇಲ್ಲ.

ಎಂಜಿನ್ ಆರಿಸಿ, ಅಂಗಿಯ ಜೇಬಿನಿಂದ ಪೇಂಟ್ ಪೆನ್ನು ತೆಗೆದು, ತೋಳಿನ ಬೋಲ್ಟಿನ ಮೇಲೆ ಹಸಿರು ಚುಕ್ಕೆ ಇಟ್ಟಳು. ಬೋಲ್ಟಿನ ನಡುವೆಯಲ್ಲ, ಎಡಗಡೆಯ ಅಂಚಿಗೆ.

"ಅಂಗಡಿಯಾಕೆಗೆ ಏನು ಹೇಳ್ತೀಯಾ?" ಎಂದ ಹಾರ್ಲನ್. "ಅಷ್ಟು ಕೂಗಾಡಿ ಬಂದಿದ್ದೀಯಾ."

"ಬ್ರೆಡ್ಡು ಇನ್ನೊಂದು ಮಾಡಿದೀನಿ. ಅದು ಅವಳಿಗೆ."

ಹೇಳುತ್ತಲೇ ಅವಳು ಮೇಜಿನ ಡ್ರಾಯರ್ ಎಳೆದು ಏನನ್ನೋ ತೆಗೆದು, ಹಾರ್ಲನ್‌ನ ಮುಖ ನೋಡದೆ, ಗೀರು ಬೀಳದಂತೆ ಕಾರಿನ ಪಕ್ಕೆಗೆ ಹೊದಿಸಿದ್ದ ಬಟ್ಟೆಯ ಮೇಲೆ ಇಟ್ಟಳು. ಕಿತ್ತಳೆ ಬಣ್ಣದ ಪೇಂಟ್ ಪೆನ್ನು. ಹೊಸದು, ಬೆಲೆಚೀಟಿಯನ್ನೂ ಕಿತ್ತಿರಲಿಲ್ಲ.

"ಬೇಗ," ಎಂದಳು. "ಬೆಳಗಾಗೋ ಹೊತ್ತಿಗೆ ಒಣಗಬೇಕು."

ಆಮೇಲೆ ಕೈ ತೊಳೆಯಲು ಒಳಗೆ ಹೋದಳು.