ಬೀಜಕ್ಕೆ ಬಿಟ್ಟ ಸಬ್ಬಸಗಿ

ಒಂದು ಹಿಡಿ ಸಬ್ಬಸಗಿ ಬೀಜಕ್ಕೆ ನಾನು ತೆತ್ತ ಬೆಲೆ ಹದಿನೈದು ದಿನದ ಕೆಲಸ. ಇಳಕಲ್ಲಿನಲ್ಲಿ ನಾವು ಆಯಿ ಎಂದು ಕರೆಯುತ್ತಿದ್ದ ಬಾಜೂ ಮನೆಯ ಮುದುಕಿಯ ಮಗ್ಗಕ್ಕೆ ಕಂಡಿಕೆ, ಅಂದರೆ ಲಾಳಿಯ ಕೊಳವೆಗೆ ನೂಲು, ಸುತ್ತಿಕೊಟ್ಟೆ. ದುಡ್ಡು ಕೊಡುತ್ತೇನೆಂದರೆ ಆಕೆ ಒಪ್ಪಲಿಲ್ಲ. ದುಡ್ಡು ಕೊಟ್ಟು ತಂದ ಬೀಜದ ಸಸಿ ಒಣಗಿದರೆ ಯಾರಿಗೂ ಹೊಟ್ಟೆ ಉರಿಯುವುದಿಲ್ಲ ಎಂಬುದು ಆಕೆಯ ಮಾತು. ಎಂಟು ದಿನಕ್ಕೆ ಇಳಿಸಲು ನೋಡಿದೆ. ಇಳಿಯಲಿಲ್ಲ. ಮುಂದೆ ಹುನಗುಂದದ ಸಂತೆಯಲ್ಲಿ ಕಾಯಿಪಲ್ಯ ಮಾರಿ ಸ್ವಂತ ಮನೆ ಕಟ್ಟಿಸಿದವಳು ನಾನು. ಚೌಕಾಸಿಯಲ್ಲಿ ಸೋತದ್ದು ಆಕೆಯೊಬ್ಬಳಿಗೇ.

ಆಯಿಯ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ, ಹಸಿರುಗಟ್ಟಿದ್ದು. ಅದೇ ಆಕೆಯ ಕುಡುಗೋಲು. ನಾಲ್ಕು ಬೆರಳು ಬುಡ ಬಿಟ್ಟು ಮೇಲಿನದನ್ನಷ್ಟೇ ಚಿವುಟುತ್ತಿದ್ದಳು. "ಕಿತ್ತವರು ಒಂದ ಸಲ ಉಣ್ಣತಾರ, ಚಿವುಟಿದವರು ಮೂರು ಸಲ" ಎನ್ನುತ್ತಿದ್ದಳು. ಬೀಜಕ್ಕೆಂದು ಬಿಟ್ಟ ಹತ್ತು ಗಿಡಗಳನ್ನು ಮಾತ್ರ ಆಕೆಯೂ ಮುಟ್ಟುತ್ತಿರಲಿಲ್ಲ. ಒಮ್ಮೆ ಸ್ವಂತ ಮಗ ಅದರಲ್ಲೊಂದು ಎಳೆ ಚಿವುಟಿದ್ದಕ್ಕೆ ಎರಡು ದಿನ ಅವನೊಡನೆ ಮಾತು ಬಿಟ್ಟಿದ್ದಳು.

ಆಗ ನಾನು ಚೊಚ್ಚಲ ಬಸುರಿ. ತವರಿನಲ್ಲಿ ಅವ್ವ ಇರಲಿಲ್ಲ, ಬಾಣಂತನ ಅತ್ತೆಯ ಮನೆಯಲ್ಲೇ. ಎದೆಹಾಲಿಗೆ ನಮ್ಮ ಕಡೆ ಬಾಣಂತಿಗೆ ಸಬ್ಬಸಗಿ ಉಣಿಸುತ್ತಾರೆ. ಬೇಸಿಗೆಯಲ್ಲಿ ಪೇಟೆಗೆ ಅದು ಬರುವುದೇ ಅಪರೂಪ. ಅದಕ್ಕೇ ಬಚ್ಚಲ ನೀರು ಹೋಗುವಲ್ಲಿ ಒಂದು ಮಡಿ ಮಾಡಿ ಬಿತ್ತಿದೆ. ಸಸಿ ದಟ್ಟವಾಗಿ ಎದ್ದವು. ನಡುನಡುವೆ ಕಿತ್ತು ಪಲ್ಯ ಮಾಡಿಕೋ ಎಂದಿದ್ದಳು ಆಯಿ. ನಾನು ಜಾಣೆ! ಒಂದು ಮಡಿ ಎರಡಾಗಲಿ ಎಂದು ಕಿತ್ತದ್ದನ್ನೆಲ್ಲ ಇನ್ನೊಂದು ಕಡೆ ನೆಟ್ಟೆ. ಮರುದಿನ ಮಧ್ಯಾಹ್ನಕ್ಕೆ ನೆಟ್ಟವೆಲ್ಲ ಮಲಗಿದವು. ಕೀಳುವಾಗ ಬೇರು ಅಲುಗಿ ಹಳೆಯ ಮಡಿಯಲ್ಲಿ ಉಳಿದವೂ ಬಾಡಿದವು. ಅಂಚಿನಲ್ಲಿ ಮೂರು ಗಿಡ ಬದುಕಿದವು.

"ಬದನಿ ಸಸಿ ಅಂತ ತಿಳಿದೇನ ಹುಚ್ಚಿ? ಇದು ಹುಟ್ಟಿದ ಜಾಗಾ ಬಿಟ್ಟು ಬರಂಗಿಲ್ಲ" ಎಂದಳು ಆಯಿ. ಮತ್ತೆ ಬಿತ್ತಲು ದಿನ ಉಳಿದಿರಲಿಲ್ಲ.

ಹೆರಿಗೆಯಾಗಿ ನಾಲ್ಕು ದಿನವಾದರೂ ಹಾಲು ಸಾಲಲಿಲ್ಲ. ಕೂಸಿನ ಅಳು ಗೋಡೆಯಾಚೆ ಆಯಿಗೂ ಕೇಳಿಸುತ್ತಿತ್ತು. ಐದನೆಯ ದಿನ ಬೆಳಿಗ್ಗೆ ಉಡಿ ತುಂಬ ಸಬ್ಬಸಗಿ ತುಂಬಿಕೊಂಡು ಬಂದಳು. ಆಕೆಯ ಹಿತ್ತಲಲ್ಲಿ ಉಳಿದಿದ್ದವು ಆ ಹತ್ತು ಗಿಡಗಳೇ ಎಂದು ನನಗೆ ಗೊತ್ತಿತ್ತು.

"ಆಯಿ, ಬೀಜ?" ಎಂದೆ.

"ಕೂಸು ಅಳೂಮುಂದ ಬೀಜ ಕಾದು ಏನ್ಮಾಡ್ಲಿ? ನಿನ್ನವು ಮೂರು ಗಿಡ ಅದಾವಲ್ಲ, ಅವನ್ನ ಕಾಯಿ."

ಬೆಳ್ಳುಳ್ಳಿ, ಹೆಸರುಬೇಳೆ ಹಾಕಿ ಬೇಯಿಸಿ ಆಕೆಯೇ ಉಣಿಸಿದಳು. ವಾರದಲ್ಲಿ ಕೂಸು ಹೊಟ್ಟೆ ತುಂಬಿ ಮಲಗತೊಡಗಿತು. ಆ ಮೂರು ಗಿಡಗಳನ್ನು ನಾನು ಕೋಳಿ, ಆಡುಗಳಿಂದ ಕಾಯ್ದ ಪರಿ ನನಗೇ ಗೊತ್ತು. ಬೀಜ ಒಣಗಿದಾಗ ಅರ್ಧ ಪಾಲು ಒಯ್ದು ಆಯಿಯ ಅಂಗೈಗೆ ಸುರಿದೆ. ತಿಕ್ಕಿ, ಮೂಸಿ ನೋಡಿ, "ಈಗ ವ್ಯಾಪಾರ ಕಲಿತಿ" ಎಂದಳು. ಆಮೇಲೆ ಎಷ್ಟೋ ಜನ ನನ್ನ ಮಾಲು ಹೊಗಳಿದ್ದಾರೆ, ಆ ಮಾತಿನ ತೂಕ ಯಾವುದಕ್ಕೂ ಬಂದಿಲ್ಲ.

ಎಂಬತ್ತರ ದಶಕದಲ್ಲಿ ಆಯಿ ತೀರಿಕೊಂಡಳು. ಹಿತ್ತಲು ಬರಿದಾದಾಗ ಆಕೆಯ ಸೊಸೆ ನನ್ನಲ್ಲಿಗೇ ಬೀಜ ಕೇಳಿ ಬಂದಳು. ಹದಿನೈದು ದಿನ ನನ್ನ ಮಡಿಗೆ ನೀರು ಹಾಕಿಸಿಕೊಂಡೇ ಕೊಟ್ಟೆ.

ನೀವೂ ಬೆಳೆಯಿರಿ. ಬೀಜವನ್ನು ಅಂಗೈಯಲ್ಲಿ ಹಗುರಾಗಿ ತಿಕ್ಕಿ, ತೆಳ್ಳಗೆ ಚೆಲ್ಲಿ, ಮೇಲೆ ಉಗುರಿನಷ್ಟೇ ಮಣ್ಣು ಉದುರಿಸಿ. ಸಸಿ ಕಿತ್ತು ಬೇರೆಡೆ ನೆಡಬೇಡಿ. ಬುಡ ಬಿಟ್ಟು ಚಿವುಟಿ. ನಾಲ್ಕು ಗಿಡ ಬೀಜಕ್ಕೆ ಬಿಟ್ಟು, ಯಾರು ಕೇಳಿದರೂ ಮುಟ್ಟಗೊಡಬೇಡಿ. ಪಕ್ಕದ ಮನೆಯಲ್ಲಿ ಹಸಿಗೂಸು ಅತ್ತರೆ ಮಾತ್ರ ಅವನ್ನೂ ಚಿವುಟಿ ಕೊಟ್ಟುಬಿಡಿ.