ಪೆನ್ನು ಮುಚ್ಚಿ ಕೇಳಿದ ಮಾತು

ಆ ಮಾತನ್ನು ಹೊರಗೆ ಹಾಕಿದವಳು ನಾನು. ಹಸೀನಾ ಅಕ್ಕನ ನಾದಿನಿಯಲ್ಲ — ನಾನು. ಎಂಟು ವರ್ಷ ಆ ನಾದಿನಿ ನನ್ನ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡು ಊರಿನಲ್ಲಿ ಓಡಾಡಿದಳು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಸುತ್ತಿ ಬಳಸಿ ಹೇಳಲು ಹೊರಟರೆ ಎಲ್ಲೋ ಒಂದು ಕಡೆ ನನ್ನ ಪರವಾಗಿಯೇ ವಾದ ಶುರುಮಾಡಿಬಿಡುತ್ತೇನೆ — ಆ ಕಲೆ ನನಗೆ ಚೆನ್ನಾಗಿ ಬರುತ್ತದೆ.

ಹಸೀನಾ ಎಂಬುದು ಅವರ ನಿಜವಾದ ಹೆಸರಲ್ಲ. ರಾಮದುರ್ಗ ತಾಲ್ಲೂಕಿನ ಒಂದು ಹಳ್ಳಿ ಎಂದಷ್ಟೇ ಹೇಳುತ್ತೇನೆ, ಯಾವ ಹಳ್ಳಿ ಎಂದು ಹೇಳುವುದಿಲ್ಲ. ಅವರು ಹಳೆ ಬಟ್ಟೆಗಳ ಕೌದಿ ಹೊಲಿದು ಬದುಕುತ್ತಿದ್ದರು ಎಂದು ಬರೆಯಲಿದ್ದೇನೆ. ಅದೂ ನಿಜವಲ್ಲ, ಬೇರೆ ಏನೋ ಮಾಡುತ್ತಿದ್ದರು. ಇಷ್ಟೊಂದು ಎಚ್ಚರ ಈಗ ಬಂದಿದೆ. ಬರಬೇಕಾದಾಗ ಬರಲಿಲ್ಲ.

ನಾನು ಮುರಗೋಡದವಳು. ಧಾರವಾಡದಲ್ಲಿದ್ದುಕೊಂಡು ಸಾಮಾಜಿಕ ಮತ್ತು ಸಾರ್ವಜನಿಕ ನೀತಿ ಎಂಬ ವಿಷಯದಲ್ಲಿ ಎಂ.ಎ. ಓದುತ್ತಿದ್ದೆ. ರಜೆಗೆ ಊರಿಗೆ ಬಂದಾಗ ಓಣಿಯವರು, "ಏನ್ ಓದಾಕತ್ತೀ ಯವ್ವಾ?" ಎಂದು ಕೇಳಿದರೆ, "ಪಾಲಿಸಿ" ಎನ್ನುತ್ತಿದ್ದೆ. "ಅಂದ್ರ ಇನ್ಶೂರನ್ಸ್ ಮಾಡಸ್ತೀ ಅನ್ನು. ನಮಗೂ ಒಂದ್ ಮಾಡ್ಸವಾ," ಎನ್ನುತ್ತಿದ್ದರು. ನಗು ಬರುತ್ತಿತ್ತು, ಒಳಗೊಳಗೆ ಉರಿಯುತ್ತಲೂ ಇತ್ತು. ಸರ್ಕಾರದ ಯೋಜನೆ ಯಾರಿಗೆ ತಲುಪುತ್ತದೆ, ಯಾರ ಬಾಗಿಲವರೆಗೆ ಬಂದು ಹಿಂದೆ ತಿರುಗುತ್ತದೆ ಎಂದು ತಿಳಿಯುವ ಓದು ನನ್ನದು. ಬಡವರ ಪರವಾಗಿ ಓದುತ್ತಿದ್ದೇನೆ ಎಂಬ ಜಂಬ ನನಗೆ ಬಹಳ ಇತ್ತು. ಜಂಬ ಎಂದೇ ಬರೆಯುತ್ತೇನೆ, ಅದಕ್ಕೆ ಬೇರೆ ಹೆಸರಿಲ್ಲ.

ಕೊನೆಯ ವರ್ಷದ ಪ್ರಬಂಧಕ್ಕೆ ವಿಧವಾ ವೇತನವನ್ನು ಆರಿಸಿಕೊಂಡೆ. ನಮ್ಮ ಕಡೆ ಹಳ್ಳಿಗಳಲ್ಲಿ ಅದನ್ನು ವೇತನ ಎನ್ನುವುದಿಲ್ಲ, 'ಪಗಾರ' ಎನ್ನುತ್ತಾರೆ. "ಪಗಾರ ಬರತೈತೇನ್ರಿ?" ಎಂದು ಮನೆಮನೆ ಕೇಳುತ್ತ, ಕೈಯಲ್ಲೊಂದು ಪ್ರಶ್ನಾವಳಿ ಹಿಡಿದು, ಕಟಕೋಳದ ಬಸ್ಸು ಹಿಡಿದು ಇಳಿದು ನಡೆದು, ಎರಡು ತಿಂಗಳು ತಿರುಗಿದೆ. ಎಲ್ಲರೂ ಚಹಾ ಕೊಟ್ಟರು. ಎಲ್ಲರೂ ಒಂದೇ ರೀತಿಯ ಉತ್ತರ ಕೊಟ್ಟರು — ಬರುತ್ತದೆ, ಒಮ್ಮೊಮ್ಮೆ ತಡವಾಗುತ್ತದೆ, ನಡೆದಿದೆ.

ಹಸೀನಾ ಅಕ್ಕನ ಮನೆಗೆ ಹೋದದ್ದು ಒಂದು ಮಧ್ಯಾಹ್ನ. ಹಳೆಯ ಸೀರೆಗಳನ್ನು ನೆಲದ ಮೇಲೆ ಹಾಸಿ, ಅದರ ಮೇಲೆಯೇ ಕುಳಿತು ದಾರ ಎಳೆಯುತ್ತಿದ್ದರು. ನನಗಿಂತ ಹದಿನೈದು ಹದಿನಾರು ವರ್ಷ ದೊಡ್ಡವರು. ಆದರೂ ನನ್ನನ್ನು 'ಅಕ್ಕಾರ' ಎಂದೇ ಕರೆದರು, ಓದಿದವಳಲ್ಲವೇ. ಹೈಸ್ಕೂಲಿಗೆ ಹೋಗುವ ಒಬ್ಬಳೇ ಮಗಳು. ಪ್ರಶ್ನೆಗಳೆಲ್ಲ ಸರಾಗವಾಗಿ ಮುಗಿದವು. ಕೊನೆಗೊಂದು ಖಾಲಿ ಜಾಗ ಉಳಿದಿತ್ತು.

"ಮನಿಯವ್ರು ತೀರಕೊಂಡ ಎಷ್ಟ ವರ್ಷ ಆತ್ರಿ ಅಕ್ಕಾ?" ಎಂದು ಕೇಳಿದೆ.

ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದರು. ಬಾಗಿಲ ಕಡೆ ನೋಡಿದರು. "ಪೆನ್ ಮುಚ್ಚರಿ ಅಕ್ಕಾರ, ಹೇಳತೇನಿ," ಎಂದರು.

ನಾನು ಪೆನ್ನು ಮುಚ್ಚಿದೆ. ಪ್ರಶ್ನಾವಳಿಯನ್ನು ಮಡಚಿ ಚೀಲದಲ್ಲಿಟ್ಟೆ, ಅವರಿಗೆ ಕಾಣುವ ಹಾಗೆ.

ಗಂಡ ಸತ್ತಿರಲಿಲ್ಲ. ಲಾರಿ ಓಡಿಸುತ್ತಿದ್ದವನು, ಮಗಳಿಗೆ ನಾಲ್ಕು ವರ್ಷವಿದ್ದಾಗ ಹೋದವನು, ತಿರುಗಿ ಬರಲಿಲ್ಲ. ಆಮೇಲೆ ಅವನ ಸ್ವಂತ ತಂಗಿಯೇ — ಎರಡು ಓಣಿ ಆಚೆ ಮನೆ, ಜೈತುನ್ ಎನ್ನೋಣ — ಯಾವುದೋ ಮದುವೆಗೆ ಸೊಲ್ಲಾಪುರಕ್ಕೆ ಹೋದಾಗ ಅಲ್ಲಿ ಅವನನ್ನು ಕಂಡಳು. ಇನ್ನೊಬ್ಬ ಹೆಂಡತಿ, ಇನ್ನೆರಡು ಮಕ್ಕಳು. ಜೈತುನ್ ಊರಿಗೆ ಬಂದು ಅತ್ತಿಗೆಯ ಮುಂದೆ ಕುಳಿತು ಎಲ್ಲವನ್ನೂ ಹೇಳಿದಳಂತೆ. ಅಣ್ಣನ ಪರ ಮಾತಾಡಲಿಲ್ಲ. ಅಂದಿನಿಂದ ಅವಳಿಗೆ ಅಣ್ಣನಿಲ್ಲ, ಅತ್ತಿಗೆ ಮಾತ್ರ.

"ಅರ್ಜಿ ಬರಕೊಳ್ಳು ಸಾಹೇಬ್ರು ಗಂಡ ಎಲ್ಲದಾನ ಅಂತ ಕೇಳಿದ್ರು. ಇಲ್ರಿ ಅಂದ್ನಿ. ಖರೇ ಹೇಳ್ರಿ, ಅದರಾಗ ಸುಳ್ಳ ಏನೈತಿ? ನನ್ನ ಪಾಲಿಗೆ ಇಲ್ಲಲ್ಲ ಅಂವಾ. ಸತ್ತಾನ ಅಂತ ಬರಕೊಂಡಾವ್ರು ಅವ್ರು. ಪಂಚರು ಸಹಿ ಹಾಕಿದ್ರು. ನಾ ಸುಮ್ನಾದ್ನಿ."

ದನಿ ಇಳಿಸಿ, "ಹುಡುಗೀಗೆ ಮಾತ್ರ ನಾನಽ ಸತ್ತಾನ ಅಂತ ಹೇಳೇನ್ರಿ. ಬಿಟ್ಟ ಹ್ವಾದ ಅನ್ನೂದಕಿಂತ ಅದಽ ಪಾಡ ಅನಿಸ್ತು. ಜೈತುನ್‌ಗೆ ಒಬ್ಬಾಕೀಗೆ ಗೊತ್ತೈತಿ. ಈಗ ನಿಮಗ. ಯಾರ ಮುಂದೂ ಹೇಳೂದಿಲ್ಲಲ್ಲಾ?" ಎಂದರು.

"ಇಲ್ಲ ಅಕ್ಕಾ," ಎಂದೆ.

ಬಸ್ಸು ಬರಲು ತಡವಿತ್ತು. ನಿಲ್ದಾಣದ ಕಟ್ಟೆಯ ಮೇಲೆ ಕುಳಿತು, ಮರೆತು ಹೋದೀತೆಂಬ ಆತುರದಲ್ಲಿ, ಒಂದಕ್ಷರ ಬಿಡದೆ ಎಲ್ಲವನ್ನೂ ಬರೆದುಕೊಂಡೆ. 'ಇಲ್ರಿ ಅಂದ್ನಿ' ಎಂಬ ಮಾತಿನ ಕೆಳಗೆ ಎರಡು ಗೆರೆ ಎಳೆದೆ. ಎಷ್ಟು ಸಂತೋಷವಾಗಿತ್ತು ನನಗೆ! ಒಬ್ಬ ಹೆಂಗಸು 'ಇಲ್ಲ' ಎಂದದ್ದನ್ನು ಕಚೇರಿ 'ಸತ್ತ' ಎಂದು ಓದಿಕೊಂಡಿದೆ — ಇಡೀ ನೀತಿಯೇ ಈ ಒಂದು ಮಾತಿನಲ್ಲಿದೆ ಎಂದು ಕುಣಿದಾಡುವಷ್ಟು. ಆ ಸಂತೋಷವನ್ನು ನೆನೆಸಿಕೊಂಡಾಗಲೇ ನನಗೆ ಹೆಚ್ಚು ಹೇಸಿಗೆಯಾಗುತ್ತದೆ. ಆ ಹೊತ್ತಿನಲ್ಲಿ ಹಸೀನಾ ಅಕ್ಕ ನನ್ನ ಕಣ್ಣ ಮುಂದೆ ಇರಲೇ ಇಲ್ಲ, ನನ್ನ ಪ್ರಬಂಧ ಇತ್ತು.

ಹಾಗೆಂದು ಅದನ್ನು ಬರೆಯಬೇಕೆಂದು ಆಗಲೇ ನಿಶ್ಚಯಿಸಿದ್ದೆನೇ? ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದೂ ಒಂದು ನೆಪವೇ ಇರಬಹುದು... ಮಾರ್ಗದರ್ಶಕರು ನನ್ನ ಮೊದಲ ಕರಡನ್ನು ಓದಿ, "ಎಲ್ಲಾ ಸರಿ ಐತಿ, ಜೀವ ಇಲ್ಲ. ಒಂದರೆ ಖರೇ ಮನಷ್ಯಾರ ಕಥಿ ಇದರಾಗ ಕಾಣೂದಿಲ್ಲಲ್ಲವಾ," ಎಂದರು. ಕದ್ದ ಮಾತನ್ನು ಬರೆ ಎಂದು ಅವರು ಹೇಳಲಿಲ್ಲ. ಅಂಥದೊಂದು ನನ್ನ ಬಳಿ ಇದೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಒಂದು ವಾರ ಕುಳಿತು ನಾಲ್ಕನೆಯ ಅಧ್ಯಾಯವನ್ನು ಹೊಸದಾಗಿ ಬರೆದೆ.

ಹೆಸರು ಬದಲಿಸಿದೆ. ಅಷ್ಟೇ ಬದಲಿಸಿದ್ದು. 'ಊರಿನಲ್ಲಿ ಕೌದಿ ಹೊಲಿಯುವ ಮುಸ್ಲಿಂ ಮಹಿಳೆ', 'ಲಾರಿ ಚಾಲಕನ ಹೆಂಡತಿ', 'ಒಬ್ಬಳೇ ಮಗಳು', 'ಪತಿ ಸೊಲ್ಲಾಪುರದಲ್ಲಿ ಇದ್ದಾನೆಂದು ತಿಳಿದುಬಂದಿದೆ' — ಊರಿನ ಹೆಸರೂ ಸೇರಿ ಇಷ್ಟನ್ನೂ ಹಾಗೇ ಇಟ್ಟೆ, ಇಲ್ಲದಿದ್ದರೆ ಜೀವ ಎಲ್ಲಿಂದ ಬರಬೇಕು! ಆ ಊರಿನಲ್ಲಿ ಅಂಥವರು ಎಷ್ಟು ಜನರಿದ್ದರು? ಒಬ್ಬರೇ. ಹೆಸರು ಬಿಟ್ಟರೆ ಮನುಷ್ಯರ ಗುರುತು ಹೋಗುತ್ತದೆ ಎಂದು ನಂಬುವುದು ಊರಲ್ಲಿ ಬಾಳದವರು ಮಾಡುವ ತಪ್ಪು. ನಾನು ಮುರಗೋಡದ ಓಣಿಯಲ್ಲಿ ಬೆಳೆದವಳು. ನಮ್ಮಲ್ಲಿ ಯಾರನ್ನಾದರೂ ಹೆಸರು ಹಿಡಿದು ಗುರುತಿಸುತ್ತಾರೆಯೇ? ಕಸುಬು, ಓಣಿ, ಯಾರ ಸೊಸೆ, ಯಾರ ತಾಯಿ — ಗುರುತೆಲ್ಲ ಇದರಲ್ಲೇ. ತಿಳಿಯದೆ ಮಾಡಿದೆ ಎನ್ನಲು ಬಾಯಿಲ್ಲ.

ಪ್ರಬಂಧವನ್ನು ಹೊಗಳಿದರು. ನಾಲ್ಕನೆಯ ಅಧ್ಯಾಯವನ್ನು ವಿಶೇಷವಾಗಿ. ಆ ಹುರುಪಿನಲ್ಲಿ, ಹಳ್ಳಿಗಳಲ್ಲಿ ತಿರುಗಾಡಲು ಅನುಮತಿ ಪತ್ರ ಕೊಟ್ಟಿದ್ದ, ಪಗಾರ ಮಂಜೂರು ಮಾಡುವ ಕಚೇರಿಗೆ ಒಂದು ಪ್ರತಿಯನ್ನು ನಾನೇ ಕೊಟ್ಟು ಬಂದೆ. ಕೊಡಬೇಕೆಂಬ ನಿಯಮವಿರಲಿಲ್ಲ. ಮೇಲಿನ ಪತ್ರದಲ್ಲಿ 'ತಮ್ಮ ಅವಗಾಹನೆಗಾಗಿ' ಎಂದು ಚಂದ ಅಕ್ಷರದಲ್ಲಿ ಬರೆದಿದ್ದೆ.

ಅವರು ಓದಿದರು. ಓದಲೆಂದೇ ಕೊಟ್ಟಿದ್ದಲ್ಲವೇ.

ಎಂಟು ತಿಂಗಳ ನಂತರ ಫೋನ್ ಬಂತು. ಕ್ಷೇತ್ರಕಾರ್ಯದ ದಿನಗಳಲ್ಲಿ, ಏನಾದರೂ ಬೇಕಾದರೆ ಕೇಳಿ ಎಂದು ಎಲ್ಲರಿಗೂ ನಂಬರು ಕೊಟ್ಟು ಬಂದಿದ್ದೆ.

"ಅಕ್ಕಾರ, ನಾ ಕೌದಿ ಹಸೀನಾ ಮಾತಾಡೂದು. ನೆನಪೈತೇನ್ರಿ?"

ಕಚೇರಿಯವರು ಚೌಕಶಿಗೆ ಬಂದಿದ್ದರಂತೆ. ಮನೆಗೆ ಬರುವ ಮೊದಲು ಓಣಿಯಲ್ಲಿ ನಾಲ್ಕು ಮಂದಿಯನ್ನು ಕೇಳಿಕೊಂಡೇ ಬಂದರಂತೆ. ಮಗಳು ಶಾಲೆಯಿಂದ ಬರುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು.

"ಪಗಾರ ಬಂದ್ ಆತ್ರಿ. ಆಗ್ಲಿ, ಅದರದೇನ್ ಇಲ್ಲ. ಹುಡುಗಿ ಮಾತ ಬಿಟ್ಟಾಳ್ರಿ ನನ್ನ ಜೋಡಿ. ಅಬ್ಬಾ ಬದಕ್ಯಾನ ಅಂತ ನನಗ ಓಣಿ ಮಂದಿ ಹೇಳಬೇಕಾತಲ್ಲ, ಇಷ್ಟ ವರ್ಷ ಸುಳ್ಳ ಹೇಳಿದಿ ಅಂತಾಳ. ಉಣ್ಣಾಕ ಬಡಿಸಿದ್ರ ತಾಟ ಸರಸ್ತಾಳ."

ಈಗ ಹೇಳುತ್ತಾರೆ, ಈಗ ನನ್ನ ಹೆಸರು ಎತ್ತುತ್ತಾರೆ ಎಂದು ಕಾಯುತ್ತಿದ್ದೆ. ಅವರು ಹೇಳಿದ್ದು ಬೇರೆಯೇ.

"ಯಾರೋ ಕಾಗದದಾಗ ಬರದ ಕೊಟ್ಟಾರಂತ್ರಿ. ಜೈತುನ್‌ನಽ ಕೊಡಿಸ್ಯಾಳ. ಅಕೀನ ಬಿಟ್ರ ಇದು ಯಾರಿಗೂ ಗೊತ್ತಿರಲಿಲ್ಲ. ಎಷ್ಟಂದ್ರೂ ಅವನ ತಂಗಿ ಅಲ್ಲೇನ್ರಿ. ನೀವು ಓದಿದಾವ್ರು, ಆಫೀಸಿನಾಗ ಒಂದ ಮಾತ ಕೇಳ್ರಿ. ಅಕೀನಽ ಹೌದೋ ಅಲ್ಲೋ, ಅಷ್ಟ ತಿಳದ್ರ ಸಾಕು."

ಯಾರಿಗೂ ಗೊತ್ತಿರಲಿಲ್ಲ — ನನಗೆ ಹೇಳಿದ್ದನ್ನು ಅವರು ಎಣಿಸಿರಲೇ ಇಲ್ಲ. ನಾನು ಪೆನ್ನು ಮುಚ್ಚಿದ್ದೆನಲ್ಲ. ಅವರ ಮಟ್ಟಿಗೆ ಅಲ್ಲಿಗೆ ಅದು ಮುಗಿದಿತ್ತು. ಜೀವಮಾನವಿಡೀ ಜೊತೆಗೆ ನಿಂತ ನಾದಿನಿಯ ಮೇಲೆ ಸಂಶಯ ಬಂತು, ಒಂದು ಮಧ್ಯಾಹ್ನ ಬಂದು ಚಹಾ ಕುಡಿದು ಹೋದವಳ ಮೇಲೆ ಬರಲಿಲ್ಲ.

"ನಾನೇ ಅಕ್ಕಾ" ಎಂದು ಎರಡು ಮಾತು ಹೇಳಬೇಕಿತ್ತು. ನಾನು, "ಕೇಳಿ ನೋಡತೇನಿ ಅಕ್ಕಾ," ಎಂದೆ.

ನಾಲ್ಕು ದಿನ ಬಿಟ್ಟು ಅವರೇ ಮತ್ತೆ ಮಾಡಿದರು. ಆ ನಾಲ್ಕು ದಿನ ನಾನು ಯಾವ ಕಚೇರಿಗೂ ಹೋಗಿರಲಿಲ್ಲ. "ಹೆಸರು ಹೇಳೂದಿಲ್ಲಂತ ಅಕ್ಕಾ. ಮಾಹಿತಿ ಕೊಟ್ಟಾವ್ರ ಹೆಸರು ಗುಪ್ತ ಇಡತಾರಂತ," ಎಂದೆ. ಅವರಿಗೆ ಕೊಡಬೇಕಿದ್ದ ಗೋಪ್ಯತೆಯನ್ನು ನನಗೇ ಕೊಟ್ಟುಕೊಂಡೆ. ಅವರು, "ಹೇಳೂದಿಲ್ಲ ಅಂದ್ರ ಅಕೀನಽ ಬಿಡ್ರಿ," ಎಂದು ನಿಟ್ಟುಸಿರಿಟ್ಟರು. 'ಅಲ್ಲ' ಎಂದು ನಾನು ಹೇಳಲಿಲ್ಲ.

ಆಮೇಲೆ ನಾನು ನಂಬರು ಬದಲಿಸಿದೆ. ಹೊಸ ಕೆಲಸ, ಹೊಸ ನಂಬರು ಎಂದು ಎಲ್ಲರಿಗೂ ಹೇಳಿದೆ.

ಈಗ ನಾನೇ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಸಂಶೋಧನೆಯಲ್ಲಿ ಗೋಪ್ಯತೆ ಕಾಪಾಡುವುದು ಹೇಗೆ ಎಂಬುದೂ ನನ್ನ ಪಾಠ — ನಗಬೇಡಿ. ಪ್ರತಿ ವರ್ಷ ಈ ಕಥೆಯನ್ನು ಹೇಳುತ್ತಿದ್ದೆ, 'ಒಬ್ಬ ಸಂಶೋಧಕಿ' ಎಂದು. ಮಕ್ಕಳು ಆ ಸಂಶೋಧಕಿಯನ್ನು ಬೈಯುತ್ತಿದ್ದರು, ನಾನೂ ಜೊತೆಗೆ ತಲೆಯಾಡಿಸುತ್ತಿದ್ದೆ. ಈ ಸಲ ಸವದತ್ತಿ ಕಡೆಯ ಒಬ್ಬ ಹುಡುಗಿ ಎದ್ದು ನಿಂತು, "ಆಕಿ ಆಮ್ಯಾಲೆ ಹೋಗಿ ಅವ್ರಿಗೆ ಖರೇ ಹೇಳಿದ್ಲೇನ್ರಿ ಮೇಡಂ?" ಎಂದು ಕೇಳಿದಳು.

"ಹೇಳಿದಳು," ಎಂದೆ.

ಹುಡುಗಿ ಸಮಾಧಾನವಾಗಿ ಕುಳಿತಳು. ಪಾಠ ಹೇಗೆ ಮುಗಿಸಿದೆನೋ ನೆನಪಿಲ್ಲ. ಮರುದಿನ ಅದೇ ತರಗತಿಗೆ ಹೋಗಿ, ಆ ಸಂಶೋಧಕಿ ನಾನು, ನಿನ್ನೆ ಹೇಳಿದ್ದು ಸುಳ್ಳು ಎಂದೆ. ಗ್ರಂಥಾಲಯದಲ್ಲಿರುವ ನನ್ನ ಪ್ರಬಂಧದಿಂದ ನಾಲ್ಕನೆಯ ಅಧ್ಯಾಯವನ್ನು ತೆಗೆಯಬೇಕೆಂದು ಬರೆದುಕೊಟ್ಟೆ. ಆ ಭಾನುವಾರ ಬಸ್ಸು ಹತ್ತಿದೆ.

ಹಸೀನಾ ಅಕ್ಕ ಮೊದಲಿಗೆ ಗುರುತಿಸಲಿಲ್ಲ. ಗುರುತಾದ ಮೇಲೆ, "ಬರ್ರಿ ಅಕ್ಕಾರ, ಎಷ್ಟ ದಿವಸಕ್ಕ ಬಂದ್ರಿ! ಕುಂದರ್ರಿ, ಚಾ ಇಡತೇನಿ," ಎಂದು ಎದ್ದರು. ಮಗಳಿಗೆ ಮದುವೆಯಾಗಿದೆ, ಬೈಲಹೊಂಗಲದಲ್ಲಿದ್ದಾಳೆ. "ಮಾತಾಡ್ತಾಳ್ರಿ ಈಗ. ಮೊದಲಿನಂಗ ಅಲ್ಲ," ಎಂದರು. ಜೈತುನ್ ಬಗ್ಗೆ ನಾನೇ ಕೇಳಿದೆ. "ಅಕೀ ಮಾತ ಬಿಡ್ರಿ. ಮದವೀಗೂ ಕರೀಲಿಲ್ಲ." ಆ ಹುಡುಗಿಯನ್ನು ಎತ್ತಿ ಆಡಿಸಿದ ಸೋದರತ್ತೆ, ಎರಡು ಓಣಿ ಆಚೆ, ಮದುವೆಯ ಬಾಜಾ ಕೇಳುತ್ತ ಮನೆಯಲ್ಲೇ ಕುಳಿತಿದ್ದಳು.

ಚಹಾ ಮುಟ್ಟದೆ ಹೇಳಿದೆ. ಬಸ್ ನಿಲ್ದಾಣದ ಕಟ್ಟೆಯಿಂದ ಹಿಡಿದು ಫೋನಿನ ಸುಳ್ಳಿನವರೆಗೆ. ನಡುವೆ ಎಲ್ಲಿಯೂ 'ಆದರೆ' ಎನ್ನಬಾರದು ಎಂದುಕೊಂಡೇ ಹೋಗಿದ್ದೆ, ಎರಡು ಸಲ ಬಂತು, ಎರಡೂ ಸಲ ನುಂಗಿದೆ.

ಅವರು ಬೈಯಲಿಲ್ಲ. ಅಳಲೂ ಇಲ್ಲ. ನನಗಲ್ಲ, ತಮಗೆ ತಾವೇ ಎಂಬಂತೆ, "ಅಂದ್ರ ಅಕಿ ಹೇಳಿರಲಿಲ್ಲ," ಎಂದರು. ಮತ್ತೆ, "ದರ್ಗಾಕ್ಕ ಹೋಗಾಗ ನಮ್ಮ ಬಾಗಲಾ ಮುಂದಽ ಹಾದ ಹೋಗ್ತಿದ್ಲು. ನಾ ಎದ್ದ ಬಾಗಲಾ ಹಾಕ್ಕೋತಿದ್ನಿ. ಅಕೀಗೆ ಕೇಳೂವಂಗ ಹಾಕ್ತಿದ್ನಿ."

ಎದ್ದರು. ಸೆರಗು ತಲೆಯ ಮೇಲೆ ಎಳೆದುಕೊಂಡರು. ಚಪ್ಪಲಿ ಹುಡುಕಿದರು. ಎಲ್ಲಿಗೆಂದು ನಾನು ಕೇಳಬೇಕಾಗಿರಲಿಲ್ಲ.

"ನಾನೂ ಬರತೇನಿ ಅಕ್ಕಾ. ಜೈತುನ್ ಅವ್ರ ಮುಂದೂ ನಾನಽ ಹೇಳತೇನಿ," ಎಂದು ಎದ್ದೆ.

ಹೊಸ್ತಿಲಲ್ಲಿ ನಿಂತು, ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದರು.

"ಬ್ಯಾಡ್ರಿ. ನಮ್ಮ ಮನಿ ಮಾತ ನೀವು ಹೇಳಿದ್ದು ಸಾಕು."

ಓಣಿಯ ತಿರುವಿನವರೆಗೆ ಅವರು ಸಾವಕಾಶ ನಡೆದರು, ಆಮೇಲೆ ಓಡತೊಡಗಿದರು. ನಾನು ಅಲ್ಲಿಯೇ ನಿಂತು ನೋಡಿದೆ. ಹಿಂದೆ ಹೋಗಲಿಲ್ಲ.